ಗುಂಯ್‌ಗುಡುವ ಗಿಟಾರು

ಸೋಪಿನ ಡಬ್ಬಿಯಷ್ಟಿದ್ದ ಗದ್ದಲಶೋಧಕದ ಹಸಿರು ದೀಪ ಹೊತ್ತಿಕೊಂಡಿತು. ಅದರ ಬೆನ್ನಿಗೇ, ಫಕೀರಪ್ಪನ ಗಿಟಾರಿಗೆ ವರ್ಷಗಳಿಂದ ಅಂಟಿಕೊಂಡಿದ್ದ 'ಗುಂಯ್' ಎಂಬ ಗೊಣಗಾಟ, ಯಾರೋ ಬಾಯಿಗೆ ಕೈ ಅಡ್ಡ ಹಿಡಿದಂತೆ ನಿಂತುಹೋಯಿತು. ಹುಬ್ಬಳ್ಳಿಯ ಆ ಹಳೆಯ ಸಭಾಭವನದಲ್ಲಿ ಗೋಡೆ ಗಡಿಯಾರದ ಸದ್ದು ಕೂಡ ಕೇಳತೊಡಗಿತು.

"ಸತ್ತೇಬಿಡ್ತಲ್ರೀ ಮೇಡಂರ!" ಎಂದು ಫಕೀರಪ್ಪ ಗಾಬರಿಯಾದ.

"ಸತ್ತಿದ್ದು ಗಿಟಾರಲ್ಲ, ಗದ್ದಲ. ತಂತಿ ಮೀಟ್ರಿ ನೀವು," ಎಂದಳು ಅನುಪಮಾ ಹೊಂಬಳ. ಆಕೆ ಧಾರವಾಡದ ಪ್ರಯೋಗಾಲಯವೊಂದರಲ್ಲಿ ಧ್ವನಿವಿಜ್ಞಾನಿ, ಆ ಡಬ್ಬಿ ಆಕೆಯೇ ಮಾಡಿದ್ದು.

ಅವನು ಮೀಟಿದ. ತೊಳೆದಿಟ್ಟ ಲೋಟದಂಥ ಸ್ವರ ಹೊರಬಂತು.

ಊರಿಗೆ ವಾಯುವಿದ್ಯುತ್ತು ಬಂದ ಮೇಲೆ ಕಂಬಗಳೂ ತಂತಿಗಳೂ ಮಾಯವಾಗಿದ್ದವು. ಓಣಿ ಓಣಿಯ ಗೋಪುರಗಳು ಒಂದೇ ಸಮನೆ ಮಿಡಿಯುತ್ತ ಗಾಳಿಯಲ್ಲೇ ವಿದ್ಯುತ್ತನ್ನು ಹಂಚುತ್ತಿದ್ದವು. ದೀಪ, ಫ್ಯಾನು, ಮಿಕ್ಸರುಗಳಿಗೆ ಅದರಿಂದ ಸುಖವಾಯಿತು. ಕಷ್ಟವಾದದ್ದು ಗಿಟಾರಿಗೆ. ಅದರ ತಂತಿಗಳ ಕೆಳಗೆ ಅಯಸ್ಕಾಂತಕ್ಕೆ ಸುತ್ತಿದ ಕೂದಲೆಳೆಯಂಥ ತಾಮ್ರದ ಸುರುಳಿ ಇರುತ್ತದೆ. ತಂತಿಯ ನಡುಕವನ್ನು ಹಿಡಿಯುವುದು ಅದರ ಕೆಲಸ. ಆದರೆ ಗೋಪುರದ ಮಿಡಿತವನ್ನೂ ಅದು ಅಷ್ಟೇ ಶ್ರದ್ಧೆಯಿಂದ ಹಿಡಿಯುತ್ತಿತ್ತು.

ಫಕೀರಪ್ಪ ಮಾಡದ ಉಪಾಯವಿರಲಿಲ್ಲ. ಕೇಬಲ್ ಬದಲಿಸಿದ. ದನಿ ಏರಿಸುವ ಗುಂಡಿಯ ಧೂಳು ತೆಗೆದಾಗ ಕರಕರ ಸದ್ದು ಹೋಯಿತು, ಗುಂಯ್ ಉಳಿಯಿತು. ಅರ್ಥಿಂಗ್ ತಂತಿಗೆ ಹೊಸದಾಗಿ ಬೆಸುಗೆ ಹಾಕಿಸಿ, ಒಳಗೆಲ್ಲ ತಾಮ್ರದ ಹಾಳೆ ಅಂಟಿಸಿದ. ತಂತಿಯ ಮೇಲೆ ಕೈಯಿಟ್ಟರೆ ಗೊಣಗಾಟ ತಗ್ಗುತ್ತಿತ್ತು, ಎತ್ತಿದರೆ ಮತ್ತೆ ಏರುತ್ತಿತ್ತು. ಶಾಕಿನ ಭಯಕ್ಕೆ ಅವನೊಬ್ಬ ಮಾತ್ರ ವೇದಿಕೆಯ ಮೇಲೂ ರಬ್ಬರ್ ಚಪ್ಪಲಿ ಬಿಡುತ್ತಿರಲಿಲ್ಲ.

ಈ ಸಂಜೆ ಅವರ ಆರ್ಕೆಸ್ಟ್ರಾದ ಹಾಡು ಮೊದಲ ಬಾರಿಗೆ ದೇಶಕ್ಕೆಲ್ಲ ನೇರಪ್ರಸಾರವಾಗಲಿತ್ತು. ಗದ್ದಲ ಕೇಳಿದರೆ ನಡುವೆಯೇ ನಿಲ್ಲಿಸುತ್ತೇವೆಂದು ವಾಹಿನಿಯವರು ಹೇಳಿದ್ದರು. ಫಕೀರಪ್ಪನಿಗೆ ತನ್ನ ಹೆಸರಿನ ಚಿಂತೆ ಇರಲಿಲ್ಲ. ಮದುವೆ ಮನೆಗಳಲ್ಲೇ ಸವೆದ ತಮ್ಮ ಗಾಯಕಿ ದಾಕ್ಷಾಯಿಣಿ ಅಕ್ಕನ ದನಿ ಒಮ್ಮೆಯಾದರೂ ಊರು ದಾಟಬೇಕು, ಅಷ್ಟೇ.

"ಗದ್ದಲಾನ ಹೆಂಗ ಹಿಡೀತದ್ರೀ ಇದು?" ಎಂದು ಅವನು ಡಬ್ಬಿ ತೋರಿಸಿ ಕೇಳಿದ.

"ಡಬ್ಬಿಯೊಳಗ ಇನ್ನೊಂದು ಸುರುಳಿ ಅದ. ಅದಕ್ಕ ತಂತಿ ಇಲ್ಲ, ಹಿಂಗಾಗಿ ಅದಕ್ಕ ಕೇಳೂದು ಬರೇ ಗದ್ದಲ. ಅದನ್ನ ತಲೆಕೆಳಗ ಮಾಡಿ ಗಿಟಾರಿನ ದನಿಗೆ ಕೂಡಸ್ತೇನಿ. ಅದು ಏರಿದಾಗ ಇದು ಇಳೀತದ. ಎರಡೂ ಕೂಡಿ ಸೊನ್ನಿ."

"ಅತ್ತಿ ಸೊಸಿ ಜಗಳಾಡಿ ಮನಿ ಶಾಂತ ಆದಂಗ!"

"ಅಂಥಾ ಮನಿ ನಾ ಇನ್ನೂ ನೋಡಿಲ್ರಿ," ಎಂದು ಆಕೆ ನಕ್ಕಳು.

ಅಷ್ಟರಲ್ಲಿ ತಾಲೀಮಿಗೆ ದಾಕ್ಷಾಯಿಣಿ ಬಂದರು. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ವೇದಿಕೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಯಾವತ್ತಿನಂತೆ ಫಕೀರಪ್ಪನ ಸ್ಪೀಕರಿಗೆ ಒತ್ತಿಯೇ ನಿಂತರು. "ಕೈ ತಗಿ ತಮ್ಮಾ," ಎಂದರು. ಹಾಡು ಎತ್ತುವ ಮೊದಲು ಹಾಗೆ ಹೇಳುವುದು ಅವರ ರೂಢಿ. ಅವನು ತಂತಿಯಿಂದ ಕೈ ಎತ್ತಿದ. ಅವರು ಕಾದರು, ಕಾದರು, ಆಮೇಲೆ ಹಾಡಿದರು.

ಶ್ರುತಿ ಎಲ್ಲೋ ಇತ್ತು, ಹಾಡು ಇನ್ನೆಲ್ಲೋ. ಅಕ್ಕ ಚೇಷ್ಟೆ ಮಾಡುತ್ತಿದ್ದಾರೆಂದುಕೊಂಡ ಫಕೀರಪ್ಪ. ಎರಡನೆಯ ಸಲ ಇನ್ನೂ ಕೆಟ್ಟಿತು. ಕತ್ತಲಲ್ಲಿ ಮೆಟ್ಟಿಲು ತಡಕುವವರಂತೆ ಅವರ ಪಾದ ಹಲಗೆಯನ್ನು ತಡಕುತ್ತಿತ್ತು.

"ಗಿಟಾರ್ ಚಾಲೂ ಐತೇನ?"

"ಐತ್ರೀ ಅಕ್ಕಾರ," ಎಂದ ಅವನು ಹಿಂದಿನಿಂದ. ಅವರು ತಿರುಗಲಿಲ್ಲ. ಇನ್ನೂ ಜೋರಾಗಿ ಹೇಳಿದ. ಆಗಲೂ ತಿರುಗಲಿಲ್ಲ.

ಫಕೀರಪ್ಪನಿಗೆ ಆಗ ಹೊಳೆಯಿತು. ಎಲ್ಲ ಹಾಡುಗಳನ್ನೂ ಅಕ್ಕ ಒಂದೇ ಶ್ರುತಿಗೆ ಇಳಿಸಿಕೊಂಡಾಗ ವಯಸ್ಸಾಯಿತು ಎಂದುಕೊಂಡಿದ್ದ. ಬರಿಗಾಲನ್ನು ಭಕ್ತಿ ಎಂದುಕೊಂಡಿದ್ದ. ಕೈ ತೆಗೆ ಎಂಬುದನ್ನು ಗಾಯಕಿಯ ಗತ್ತು ಎಂದುಕೊಂಡಿದ್ದ. ಎದುರಿಗೆ ಹೋಗಿ ನಿಂತ.

"ಅಕ್ಕಾರ, ಕಿವಿ..."

ದಾಕ್ಷಾಯಿಣಿ ಅವನ ತುಟಿಗಳನ್ನು ನೋಡಿ ಮೆಲ್ಲನೆ ಮೆಟ್ಟಿಲ ಮೇಲೆ ಕುಳಿತರು.

"ಹ್ವಾದವು ಬಿಡು, ಭಾಳ ದಿನಾತು. ನಿನ್ನ ಸ್ಪೀಕರ್ ಗುಂಯ್ ಅಂದಾಗ ಹಲಗಿ ನಡುಗತಿತ್ತು. ಅಂಗಾಲಿಗೆ ಷಡ್ಜ ಸಿಗತಿತ್ತು. ಅದೇ ನನ್ನ ತಂಬೂರಿ. ಯಾರೋ ಅದನ್ನ ಮುರದಾರ ನೋಡು ಇವತ್ತ."

"ನಾನ ರೀ ಅಕ್ಕಾರ. ನಿಮ್ಮ ದನಿ ಊರು ದಾಟ್ಲಿ ಅಂತ..."

"ದಾಟ್ತಿತ್ತಪಾ, ಶ್ರುತಿ ಬಿಟ್ಟು!" ಎಂದು ಅವರು ನಕ್ಕರು. ಕಣ್ಣು ಮಾತ್ರ ನಗಲಿಲ್ಲ.

ಫಕೀರಪ್ಪ ಹೋಗಿ ಶೋಧಕದ ಕೇಬಲ್ಲಿಗೆ ಕೈ ಹಾಕಿದ. "ಪ್ರಸಾರ ಬ್ಯಾಡ್ರಿ ಮೇಡಂರ. ಮದಿವಿ ಮನ್ಯಾಗ ಹಾಡಿಕೊಂಡು ಇರತೇವಿ."

"ತಡೀರಿ!" ಅನುಪಮಾ ಡಬ್ಬಿಯನ್ನು ತಿರುಗಿಸಿದಳು. ಹಿಂಬದಿಯಲ್ಲಿ ಮುಚ್ಚಳ ಹಾಕಿದ ಒಂದು ಪುಟ್ಟ ತೂತಿತ್ತು. ಸೋಸಿ ತೆಗೆದ ಗದ್ದಲ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಇಟ್ಟದ್ದು. ಪ್ರಯೋಗಾಲಯದಲ್ಲಿ ಎಲ್ಲರೂ ಅದನ್ನು ಕಸದ ಕಿಂಡಿ ಎನ್ನುತ್ತಿದ್ದರು. "ಗದ್ದಲ ಎಲ್ಲೂ ಹೋಗಿಲ್ರಿ. ಇಲ್ಲೇ ಅದ. ಎಸೀಲಿಕ್ಕೆ ಇಟ್ಟಿದ್ದೆ, ಅಷ್ಟ."

ಇಬ್ಬರೂ ಸೇರಿ ಒಂದು ಹಳೆಯ ಸ್ಪೀಕರನ್ನು ವೇದಿಕೆಯಡಿ ತೂರಿಸಿದರು. ಅದರ ಬಾಯನ್ನು ಹಲಗೆಗೆ ಒತ್ತಿ, ಸುತ್ತ ಕಂಬಳಿ ತುರುಕಿ, ಕಿಂಡಿಗೆ ಜೋಡಿಸಿದರು. ಕಿವಿಗೆ ಕೇಳಬಾರದು, ಕಾಲಿಗೆ ತಿಳಿಯಬೇಕು, ಅಷ್ಟಕ್ಕೇ ದನಿ ಇಳಿಸಿದರು.

ಸಂಜೆ ಪ್ರಸಾರದ ಕೆಂಪು ದೀಪ ಹೊತ್ತಿತು. ಹೆಡ್‌ಫೋನು ಹಾಕಿಕೊಂಡಿದ್ದ ವಾಹಿನಿಯ ಹುಡುಗಿ ನಿಶ್ಶಬ್ದವನ್ನು ಕೇಳಿ ಮೆಚ್ಚಿ ತಲೆಯಾಡಿಸಿದಳು. ಫಕೀರಪ್ಪ ತಂತಿಯಿಂದ ಕೈ ಎತ್ತಿದ. ದಾಕ್ಷಾಯಿಣಿಯವರ ಕಾಲ್ಬೆರಳುಗಳು ಹಲಗೆಯ ಮೇಲೆ ನಿಧಾನವಾಗಿ ಬಿಚ್ಚಿಕೊಂಡವು. ಷಡ್ಜ, ತನ್ನ ಮನೆಯ ಬಾಗಿಲು ತೆರೆದಷ್ಟು ಸಲೀಸಾಗಿ, ಬಂದು ನಿಂತಿತು.

ಹಾಡು ಮುಗಿದು ಚಪ್ಪಾಳೆ ಏಳುತ್ತಿದ್ದಾಗ ಫಕೀರಪ್ಪ ಸದ್ದಿಲ್ಲದೆ ರಬ್ಬರ್ ಚಪ್ಪಲಿ ಕಳಚಿ ಬದಿಗೆ ಸರಿಸಿದ.

"ಶಾಕ್ ಹೊಡದೀತೋ!" ಅಕ್ಕ ಪಿಸುಗುಟ್ಟಿದರು.

ಅವನು ಬರಿಗಾಲನ್ನು ಹಲಗೆಗೆ ಒತ್ತಿದ. ಇಷ್ಟು ವರ್ಷ ಓಡಿಸಲು ಹೆಣಗಿದ ಆ ಗೊಣಗಾಟ ಮೊದಲ ಸಲ ಅವನ ಅಂಗಾಲಿನಿಂದ ಮೇಲೇರಿ ಬರುತ್ತಿತ್ತು. ಎರಡನೆಯ ಹಾಡಿಗೆ ಅವನು ತಂತಿಯಿಂದ ಕೈ ಎತ್ತಿ, ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತೇ ಹಾಗೇ ಮೇಲೆ ಹಿಡಿದ.