ಇಳಿಯೋಕೆ ಬರಲ್ಲ ಅಮ್ಮಾ!

"ಬಿಡಬೇಡ ಕಣೇ, ಸೀಟು ಬಿಡಬೇಡ!" ಸೈಕಲ್ ಮೇಲಿದ್ದ ಚಿಕ್ಕಮ್ಮ ಶಿವಗಂಗಮ್ಮ ಕಿರುಚಿದಳು.

ಜಗದಾಂಬಾ ಆಗಲೇ ಬಿಟ್ಟಾಗಿತ್ತು.

ರಾಜಾಜಿನಗರದ ಹೊಸ ರಸ್ತೆಯಲ್ಲಿ ಸೈಕಲ್ ಅತ್ತ ವಾಲಿತು, ಇತ್ತ ವಾಲಿತು. ಯಾರೋ ಮನೆ ಕಟ್ಟೋಕೆ ಸುರಿದಿದ್ದ ಮರಳಿನ ಗುಡ್ಡೆಗೆ ಸೀದಾ ನುಗ್ಗಿತು. ಚಿಕ್ಕಮ್ಮ ಮರಳಲ್ಲೇ ಕೂತು ಥೂ ಥೂ ಅಂತ ಉಗುಳಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಾಳೆ ಇಂಟರ್‌ವ್ಯೂ! ಎಲ್ಲಾ ನಿನ್ನಿಂದಲೇ ಕಣೇ, ತರಲೆ!"

ಅದಂತೂ ನಿಜ. ಮಹಿಳಾ ಸಮಾಜಕ್ಕೆ ಹೊಲಿಗೆ ಟೀಚರ್ ಬೇಕಾಗಿತ್ತು. ಈ ಕೆಲಸ ಸಿಗದಿದ್ದರೆ ಚಿಕ್ಕಮ್ಮ ವಾಪಸ್ ಕೆಂಗೇರಿಗೆ, ತಾತನ ಮನೆಗೆ ಹೋಗಬೇಕು. ಅವಳ ಅಕ್ಷರವೋ, ಕೋಳಿ ಕೆದರಿದ ಹಾಗೆ. ಅದಕ್ಕೇ ಅರ್ಜಿ ಬರೆಯೋ ಕೆಲಸ ಐದನೇ ಕ್ಲಾಸಿನ ಜಗದಾಂಬಾಗೆ ಬಂತು.

"ಹೆಸರು, ಅಡ್ರೆಸ್ಸು ಬರಿ. ಹೊಲಿಗೆ ಬರುತ್ತೆ ಅಂತ ಬರಿ. ಸಾಕು."

ಇಷ್ಟೇನಾ? ಇಷ್ಟಕ್ಕೆಲ್ಲ ಯಾರು ಕೆಲಸ ಕೊಡ್ತಾರೆ? ಚಿಕ್ಕಮ್ಮ ಒಗ್ಗರಣೆ ಹಾಕೋಕೆ ಒಳಗೆ ಹೋದದ್ದೇ ತಡ, ಜಗದಾಂಬಾ ಸೇರಿಸಿದಳು: 'ಸೈಕಲ್ ಜೋರಾಗಿ ಹೊಡೆಯುತ್ತಾರೆ. ಹಾರ್ಮೋನಿಯಂ ನುಡಿಸುತ್ತಾರೆ. ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು.'

ಉತ್ತರ ಬಂತು. 'ಎರಡು ಕಡೆ ಕ್ಲಾಸು ನಡೆಸಬೇಕು. ನಿಮಗೆ ಸೈಕಲ್ ಬರುವುದು ಬಹಳ ಸಂತೋಷ. ಅದರಲ್ಲೇ ಬನ್ನಿ.'

ಚಿಕ್ಕಮ್ಮ ಚೆನ್ನಾಗಿ ಬೈದಳು. ಆಮೇಲೆ ಸೆರಗು ಬಿಗಿದಳು. "ಬರೆದಾಗಿದೆಯಲ್ಲ, ಕಲಿತೇಬಿಡ್ತೀನಿ!" ಪಕ್ಕದ ಮನೆ ನರ್ಸಮ್ಮನ ಲೇಡೀಸ್ ಸೈಕಲ್ ಬೀದಿಗೆ ಬಂತು.

ಕತ್ತಲಾಗೋ ಹೊತ್ತಿಗೆ ಬ್ಯಾಲೆನ್ಸ್ ಸಿಕ್ಕಿತು. ಇಳಿಯೋದು ಮಾತ್ರ ಬರಲಿಲ್ಲ.

ಮಾರನೇ ದಿನ ಸೈಕಲ್ ಭರ್ರನೆ ಸಮಾಜದ ಕಾಂಪೌಂಡಿಗೆ ನುಗ್ಗಿತು. ಹಿಂದೆಯೇ ಜಗದಾಂಬಾ ಏದುಸಿರು ಬಿಡುತ್ತಾ ಓಡಿಬಂದಳು. ಜಗಲಿಯಲ್ಲಿ ಕೂತಿದ್ದ ಪ್ರೆಸಿಡೆಂಟ್ ಲಕ್ಷ್ಮಿದೇವಮ್ಮ ಎದ್ದು ನಿಂತರು.

"ನಮಸ್ಕಾರ ಅಮ್ಮಾ!" ಚಿಕ್ಕಮ್ಮ ಅಂಗಳದಲ್ಲಿ ಒಂದು ಸುತ್ತು ಹೊಡೆದಳು.

"ನಮಸ್ಕಾರ. ಇಳೀರಮ್ಮ!"

"ಇಳಿಯೋಕೆ ಬರಲ್ಲ ಅಮ್ಮಾ!"

"ಅಯ್ಯೋ! ಸರಿ, ಅಲ್ಲಿಂದಲೇ ಹೇಳಿ. ಏನೇನು ಹೊಲೀತೀರಿ?"

"ರವಿಕೆ!" ಒಂದು ಸುತ್ತು. "ಫ್ರಾಕು!" ಇನ್ನೊಂದು ಸುತ್ತು. "ಪಾಯಿಜಾ..."

ಸೈಕಲ್ ದಾಸವಾಳದ ಗಿಡ ಹೊಕ್ಕಿತು.

ಚಿಕ್ಕಮ್ಮ ತಲೆ ತುಂಬಾ ಹೂವಿನ ಜೊತೆ ಹೊರಬಂದಳು. ಜಗದಾಂಬಾ ಬಂದ ನಗು ನುಂಗಿಕೊಂಡಳು. ಮುಂದೆ ಬಂದು ನಿಂತಳು.

"ಸೈಕಲ್ ಬರುತ್ತೆ ಅಂತ ಬರೆದಿದ್ದು ನಾನು. ಚಿಕ್ಕಮ್ಮ ಹೇಳಿರಲಿಲ್ಲ."

"ಹಾರ್ಮೋನಿಯಂ?"

"ಅದೂ ನಾನೇ."

"ಇಂಗ್ಲಿಷು?"

ಜಗದಾಂಬಾ ತಲೆ ತಗ್ಗಿಸಿದಳು. ಲಕ್ಷ್ಮಿದೇವಮ್ಮ ತುಟಿ ಕಚ್ಚಿಕೊಂಡರು. ಆದರೂ ತಡೆಯಲಾಗದೆ ಗೊಳ್ಳನೆ ನಕ್ಕುಬಿಟ್ಟರು. ನಗುನಗುತ್ತಲೇ ಅವರ ಕಣ್ಣು ಜಗದಾಂಬಾಳ ಲಂಗದ ಮೇಲೆ ನಿಂತಿತು. ಬಗ್ಗಿ ಅದರ ಅಂಚು ಮಗುಚಿ ನೋಡಿದರು.

"ಇದನ್ನ ಯಾರು ಹೊಲಿದಿದ್ದು?"

"ಚಿಕ್ಕಮ್ಮ."

"ಒಳಗಿನ ಹೊಲಿಗೆಯೂ ಹೊರಗಿನಷ್ಟೇ ಅಚ್ಚುಕಟ್ಟು! ಇದನ್ನ ಯಾಕೆ ಬರೀಲಿಲ್ಲ ಮಗೂ?"

ಅವರು ಚಿಕ್ಕಮ್ಮನ ಕಡೆ ತಿರುಗಿದರು.

"ಸೋಮವಾರದಿಂದ ಬನ್ನಿ ಶಿವಗಂಗಮ್ಮ. ಇಳಿಯೋದು ಕಲಿಯೋವರೆಗೆ ನಡ್ಕೊಂಡೇ ಬನ್ನಿ!"

ಚಿಕ್ಕಮ್ಮ ಸೈಕಲ್ ತಳ್ಳಿಕೊಂಡು, ದಾರಿಯುದ್ದಕ್ಕೂ ಟ್ರಿಣ್ ಟ್ರಿಣ್ ಅಂತ ಬೆಲ್ ಹೊಡೆಯುತ್ತಾ ಹೊರಟಳು. ಜಗದಾಂಬಾ ಹಿಂದೆ ಉಳಿದಳು. ದಿನಾ ಉಟ್ಟುಕೊಳ್ಳೋ ಲಂಗ ಅದು. ಅದರ ಅಂಚನ್ನ ಮೊದಲ ಸಲ ಮಗುಚಿ, ಒಂದೊಂದೇ ಹೊಲಿಗೆ ನೋಡುತ್ತಾ ನಡೆದಳು.