ಉಡದಾರ ಕಟ್ಟಿದ ಕಲ್ಲು

“ಅದರ ತೋಳಿನ ಉಡದಾರ ಮುಟ್ಟಬ್ಯಾಡ್ರಿ, ಸ್ವಾಮಿ,” ಎಂದು ಹರಿಗೋಲಿನ ಹೊಳೆಮ್ಮ ಹೇಳಿದಾಗ ಹಾಲಸ್ವಾಮಿ ನಕ್ಕುಬಿಟ್ಟ. ಮದರಾಸಿನಲ್ಲಿ ಓದಿ, ಹಾಳುಬಿದ್ದ ವಿಗ್ರಹಗಳನ್ನು ಕಮಲಾಪುರದ ಹೊಸ ಮ್ಯೂಸಿಯಮ್ಮಿಗೆ ಸಾಗಿಸುವ ನೌಕರಿ ಹಿಡಿದು ಬಂದವನು. ಮುಟ್ಟದೆ ಸಾಗಿಸುವ ವಿದ್ಯೆ ಅವನಿಗೆ ಯಾರೂ ಕಲಿಸಿರಲಿಲ್ಲ.

ತುಂಗಭದ್ರೆಯ ನಡುಗಡ್ಡೆಯ ಮಂಟಪದಲ್ಲಿದ್ದ ಆ ಹೆಣ್ಣುವಿಗ್ರಹವನ್ನು ಹಿಂದೆ ಯಾವನೋ ಮಾಟಗಾರ ಮಂತ್ರದಿಂದ ಬಿಗಿದಿದ್ದನಂತೆ. ಕೂಸು ಸತ್ತ ತಾಯಿ ಕೂಸಿನ ಉಡದಾರವನ್ನು ಅದರ ತೋಳಿಗೆ ಕಟ್ಟಿದರೆ ಸಂಕಟವೆಲ್ಲ ಕಲ್ಲಿಗೆ ಸೇರುತ್ತಿತ್ತು. ಅವಳು ಕಣ್ಣೊರೆಸಿಕೊಂಡು ನಾಟಿಗೆ ಹೋಗುತ್ತಿದ್ದಳು.

“ನನ್ನ ಮಗ ತಾಯಪ್ಪಂದೂ ಅಲ್ಲೇ ಐತ್ರಿ. ಕೊಯ್ದ್ರ ನನ್ನ ಸಂಕಟ ನನಗ ತಿರುಗಿ ಬರ್ತೈತಿ. ಕೊಯ್ದವ್ರಿಗೆ ಕಲ್ಲಿನ ಗುಣ ಹತ್ತತೈತಿ. ನಿಮ್ಮ ಮನ್ಯಾಗ ಕೂಸೈತಿ.”

ಕೂಸಿನ ಸುದ್ದಿಯನ್ನು ದಾರಿಯುದ್ದಕ್ಕೂ ಕೊಚ್ಚಿಕೊಂಡವನು ಅವನೇ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದ ಸಿದ್ದಿಗೆ ಹಲ್ಲು ಮೂಡಿತ್ತು. ಅಪ್ಪನ ಬೆರಳು ಕಚ್ಚಿ ನಗುತ್ತಿದ್ದಳು. ಅವಳೆಂದರೆ ಅವನಿಗೆ ಜೀವ.

ಹೊರಗೆ ಸುಡುವ ಮಧ್ಯಾಹ್ನ, ಮಂಟಪದೊಳಗೆ ಕತ್ತಲು. ಬಾವಲಿಯ ಹಿಕ್ಕೆ, ಕಮಟು ಎಣ್ಣೆಯ ನಾತ. ವಿಗ್ರಹದ ತೋಳು ಕಾಣದಷ್ಟು ಕರಿದಾರಗಳು. ಹಾಲಸ್ವಾಮಿ ಚಾಕು ಹಾಕಿದ. ಒಂದೊಂದು ದಾರ ಕಡಿದಂತೆ ಅಂಗೈ ತಣ್ಣಗಾಗುತ್ತ ಬಂತು. ಹೊರಗೆ ಹೊಳೆಮ್ಮ ಒಮ್ಮೆಲೇ ಎದೆ ಬಡಿದುಕೊಂಡು ಅಳತೊಡಗಿದಳು. ಎಷ್ಟೋ ವರ್ಷದ ಹಿಂದೆ ಸತ್ತ ಮಗ ಈಗಷ್ಟೇ ಸತ್ತ ಹಾಗೆ. ಅವನಿಗೆ ಅಯ್ಯೋ ಅನ್ನಿಸಲಿಲ್ಲ. ಕಲ್ಲು ಹೊಳೆ ದಾಟಿತು.

ಮರುದಿನ ಹೆಂಡತಿ ನೀಲಗಂಗಮ್ಮ ಮೈ ಬೆಚ್ಚಗಿದ್ದ ಸಿದ್ದಿಯನ್ನು ಅವನ ತೊಡೆಗೆ ಹಾಕಿ, ಸುಡತೊಡಗಿದರೆ ಕೂಗಿ ಕರೆಯಿರೆಂದು ಹೇಳಿ ಕಾಲುವೆಗೆ ಬಟ್ಟೆ ಒಗೆಯಲು ಹೋದಳು. ಸಿದ್ದಿ ಬೆರಳು ಕಚ್ಚಿದಳು. ರಕ್ತ ಬಂತು. ನೋಯಲಿಲ್ಲ. ಹಣೆ ಮುಟ್ಟಿದ. ಬಿಸಿಯೋ ತಣ್ಣಗೋ, ತಿಳಿಯಲಿಲ್ಲ. ಮತ್ತೆ ಮುಟ್ಟಿದ. ಏನೂ ಇಲ್ಲ. ಕೂಸಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಕೈಕಾಲು ಸೆಟೆದವು. ಕೂಗಬೇಕೆಂದು ಗೊತ್ತಿತ್ತು. ಕೂಗಬೇಕೆನ್ನಿಸಲಿಲ್ಲ. ನೋಡುತ್ತ ಕೂತ.

“ಮಲಗ್ಯಾಳ,” ಅಂದ, ಹೆಂಡತಿ ಬಂದಾಗ. ಅವಳು ಮುಟ್ಟಿದಳು. ಕುಸಿದಳು.

ಮಣ್ಣು ಮಾಡಿ ಬಂದ ಮೇಲೂ ಅವನಿಗೆ ಅಳು ಬರಲಿಲ್ಲ. ಅಳಲಾರದ ಅವನನ್ನು ಕಂಡರೆ ನನಗೆ ಸಿಟ್ಟಿಗಿಂತ ಮರುಕವೇ ಹೆಚ್ಚು. ನೀಲಗಂಗಮ್ಮ ಮಾತ್ರ ಅನ್ನ ನೀರು ಬಿಟ್ಟು ಅತ್ತಳು.

ಒಂದು ಬೆಳಿಗ್ಗೆ ಹೊಳೆಮ್ಮ ಬಂದಳು. ಮಂಟಪದಿಂದ ಆಯ್ದುಕೊಂಡ ಮಗನ ಉಡದಾರವನ್ನು ಮ್ಯೂಸಿಯಮ್ಮಿನ ಕಲ್ಲಿಗೆ ಮತ್ತೆ ಕಟ್ಟಿ ನೋಡಿದ್ದಳಂತೆ. ಸಂಕಟ ಇಳಿದಿರಲಿಲ್ಲ. ಅದೀಗ ಬರೀ ಕಲ್ಲು.

“ಕೈ ಚಾಚ್ರಿ, ಸ್ವಾಮಿ,” ಅಂದಳು.

ಅವನು ಚಾಚಿದ. ಅವಳು ತೋಳಿಗೆ ದಾರ ಕಟ್ಟಿ, ಕಣ್ಣೊರೆಸಿಕೊಂಡು, ಹೊಳೆಯ ಕಡೆ ನಡೆದಳು.

ಅದನ್ನು ನೋಡಿದ ನೀಲಗಂಗಮ್ಮ ಒಳಗೆ ಹೋಗಿ ಸಿದ್ದಿಯ ಉಡದಾರ ತಂದಳು. ಗಂಡನ ಮುಖ ನೋಡಲಿಲ್ಲ. ಕಟ್ಟಿದಳು. ಬಿಗಿಯಾಗಿ ಕಟ್ಟಿದಳು. ಆಮೇಲೆ ಮೂಗೊರೆಸಿಕೊಂಡು ಒಲೆ ಹಚ್ಚಿದಳು.

ಸಂಜೆ ಕಂಪ್ಲಿ ಕಡೆಯ ಇಬ್ಬರು ಹೆಂಗಸರು ಕೈಯಲ್ಲಿ ಉಡದಾರ ಹಿಡಿದು ಬಾಗಿಲಿಗೆ ಬಂದು, ವಿಗ್ರಹ ಈಗ ಎಲ್ಲಿದೆ ಎಂದು ಕೇಳಿದರು. ನೀಲಗಂಗಮ್ಮ ಅವರನ್ನು ಒಳಗೆ ಕರೆದಳು.