ಎರಡಕ್ಕೂ ಒಂದೇ ಹೆಸರು

1999ರ ಬೇಸಿಗೆಯಲ್ಲಿ ಕಲಬುರಗಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನಾನು ವಿಧವಾ ಪಿಂಚಣಿದಾರರ ಹೆಸರು ಟೈಪ್ ಮಾಡುತ್ತಿದ್ದೆ. ಆ ಪ್ರೋಗ್ರಾಂ ಬರೆದವನು ಮಾಲೀಕ ನೀಲಕಂಠ. ಉದ್ದ ಹೆಸರು ಟೈಪ್ ಮಾಡಿದರೆ ಬೆರಳು ನೋಯುತ್ತದೆಂದು ಅದರೊಳಗೆ ಮಾಹಿತಿ ಇಡುವ ಖಾನೆಗಳಿಗೆಲ್ಲ ಎ, ಎಎ, ಎಎಎ ಎಂದೇ ಹೆಸರಿಟ್ಟಿದ್ದ. ಅದನ್ನು ತೆರೆದಾಗಲೆಲ್ಲ ಪರರ ಎಂಜಲು ತಟ್ಟೆಗೆ ಕೈ ಹಾಕಿದಂತೆ ನನಗೆ ಹೇಸಿಗೆಯಾಗುತ್ತಿತ್ತು.

ಒಂದು ಮಧ್ಯಾಹ್ನ ಕಮಲಾಪುರದಿಂದ ಮಲ್ಕಮ್ಮ ಬಂದಳು. ಕಂಪ್ಯೂಟರ್ ಅವಳನ್ನು ಸತ್ತವಳೆಂದು ತೋರಿಸಿದ್ದರಿಂದ ಪಿಂಚಣಿ ನಿಂತಿತ್ತು. ಜೊತೆಗೆ ಬಂದ ನೆಗೆಣ್ಣಿ, ತೀರಿಹೋದ ಮೈದುನನ ಹೆಂಡತಿ ದುಂಡಮ್ಮ, ಬಾಗಿಲಲ್ಲಿ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು.

“ಸತ್ತಾಕಿ ನೀ, ಬಸ್ಸಿನ್ಯಾಗ ಟಿಕೀಟ್ ಯಾಕ ತಗೊಂಡಿ?” ಎಂದು ಅವಳು ಕಿಚಾಯಿಸಿದಳು.

ಮಲ್ಕಮ್ಮ ನಗಲಿಲ್ಲ. “ನನ್ನ ಬದುಕಿಸವ್ವಾ” ಎಂದು ನನ್ನ ಕೈ ಹಿಡಿದಳು. ಆ ಉರಿಬಿಸಿಲಲ್ಲೂ ಅವಳ ಅಂಗೈ ಹಸಿ ಮಣ್ಣಿನಂತೆ ತಣ್ಣಗಿತ್ತು. ಉಸಿರಿನಲ್ಲಿ ಕೊಳೆತ ನೀರಿನ ವಾಸನೆ.

ಯಾವುದನ್ನು ಬದಲಿಸಬೇಕೆಂದು ನೀಲಕಂಠನನ್ನು ಕೇಳಿದೆ.

“ಎಎ ಇರಬೇಕು, ಇಲ್ಲಾ ಎಎಎ. ನನಗೇನ್ ನೆನಪದ?” ಎಂದು ಅವನು ಗೋಡೆಗೇ ಎಲೆಅಡಿಕೆ ಉಗುಳಿದ.

ಎಎ ಬದಲಿಸಿದೆ. ಪರದೆಯ ಮೇಲೆ ಮಲ್ಕಮ್ಮ ಬದುಕಿದಳು. ಅವಳ ಅಂಗೈ ನನ್ನ ಕೈಯೊಳಗೇ ಬೆಚ್ಚಗಾಯಿತು. ಆದರೆ ನೀಲಕಂಠ ಕೆಳಗಿನ ಸಾಲಿಗೂ ಅದೇ ಎಎ ಬಳಸಿದ್ದ, ತಿರುವುಮುರುವಾಗಿ. ಅಲ್ಲಿ ದುಂಡಮ್ಮನ ಹೆಸರಿನ ಮುಂದೆ ‘ಮೃತ’ ಎಂದು ಬಂತು. ಎಎಯನ್ನು ಮತ್ತೆ ಮೊದಲಿನಂತೆ ಮಾಡಲು ಹೋದೆ. ಮಲ್ಕಮ್ಮ ನನ್ನ ಕೈ ಬಿಡಲಿಲ್ಲ.

ಬಾಗಿಲತ್ತ ನೋಡಿದೆ. ದುಂಡಮ್ಮನ ತೆರೆದ ಕಣ್ಣುಗುಡ್ಡೆಯ ಮೇಲೆ ನೊಣವೊಂದು ನಡೆಯುತ್ತಿತ್ತು. ಅವಳು ರೆಪ್ಪೆ ಬಡಿಯದೆ ಹಣ್ಣು ಅಗಿಯುತ್ತ, “ಮುಗೀತಲ್ಲ? ನಡಿಯವ್ವಾ, ಬಸ್ ಹೋಗ್ತದ” ಎಂದಳು.